ಸೂರ್ಯ ಮುಳುಗುವುದರೊಳಗೆ ಒಂದು ಚಮಚ ಐಸ್‌ಕ್ರೀಂ

ಒಬ್ಬ ನಿವೃತ್ತ ಮನುಷ್ಯ ಮನೆಯಲ್ಲಿದ್ದರೆ ಅದು ಆ ಮನೆಯವರ ಕಷ್ಟ. ನಾಲ್ವರು ನಿವೃತ್ತರು ಕೂಡಿ ಒಂದೇ ಅಡುಗೆಮನೆ ಹೊಕ್ಕರೆ ಅದು ಊರಿಗೆಲ್ಲ ಪ್ರಸಂಗ. ಬೇಸಿಗೆ ಬಂತೆಂದರೆ ಜಮಖಂಡಿಯ ನಮ್ಮ ಮನೆಯಲ್ಲಿ ಇಂಥವು ವಾರಕ್ಕೊಂದು ತಪ್ಪುವುದಿಲ್ಲ. ನಾವೇನು ಕರೆಯುವುದಿಲ್ಲ, ಅವೇ ಬಸ್ಸು ಹತ್ತಿ ಬರುತ್ತವೆ.

ಬಸ್ಸು ಹತ್ತಿ ಬರುವವರು ಮೂವರು. ನಾವು ನಾಲ್ವರೂ ಇದೇ ಊರಿನ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ಬನಹಟ್ಟಿಯವ ಪವರ್‌ಲೂಮ್ ನಡೆಸಿದವ. ಈಗ ಮಗ್ಗಗಳನ್ನು ಮಗನಿಗೆ ಒಪ್ಪಿಸಿ, ಅವುಗಳ ಗದ್ದಲವನ್ನಷ್ಟೇ ತನ್ನ ಗಂಟಲಲ್ಲಿ ಉಳಿಸಿಕೊಂಡಿದ್ದಾನೆ. ಮಹಾಲಿಂಗಪುರದವ ಬೆಲ್ಲದ ವ್ಯಾಪಾರಿ. ಮೂರನೆಯವ ತೇರದಾಳದ ಜೈನ, ನಮ್ಮೊಳಗೆ ಸಭ್ಯ ಅಂದರೆ ಅವನೊಬ್ಬನೇ. ಸೋಸದ ನೀರು ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕುವುದಿಲ್ಲ. ಇನ್ನು ನಾನು, ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ವಿಜ್ಞಾನ ಕಲಿಸಿದ ಮಾಸ್ತರ. ಮಾತಾಡಲು ಕೂತರೆ ಗಂಟೆ ಹೊಡೆಯುವ ತನಕ ಏಳುವುದಿಲ್ಲ. ಈಗ ಗಂಟೆ ಹೊಡೆಯುವವರೂ ಇಲ್ಲ.

ಮೊದಲೆಲ್ಲ ನಾವು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಸೇರುತ್ತಿದ್ದೆವು. ಅಲ್ಲಿ ಮಾತೆಲ್ಲ ಬಿ.ಪಿ., ಶುಗರು, ಯಾರ ಮೊಣಕಾಲು ಎಷ್ಟು ನೋಯುತ್ತದೆ ಎಂಬುದರದ್ದೇ. ಒಂದು ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಕೂತು ಹಣ್ಣು ಹೆಚ್ಚಿ ತಿಂದೆವು ನೋಡಿ, ನಾಲ್ವರಿಗೂ ಹಾಸ್ಟೆಲಿನ ವಯಸ್ಸು ತಿರುಗಿ ಬಂತು. ಮೊಣಕಾಲಿನ ಸುದ್ದಿ ಯಾರೂ ಎತ್ತಲಿಲ್ಲ. ಹೋದ ಬೇಸಿಗೆಯಲ್ಲಿ ನಾನು ಹೆಂಡತಿಯ ಮುಂದೆ ಜಂಬ ಕೊಚ್ಚಿದೆ: "ಈ ಸಲ ಹಣ್ಣಿನ ತಿನಿಸೆಲ್ಲ ನಾವ ಮಾಡ್ತೇವಿ. ನೀ ಅಡಗಿಮನಿ ಕಡೆ ಬರೂದ ಬ್ಯಾಡ."

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ತೇರದಾಳದ ಅಣ್ಣಾರು ಬಿಸಲಾಗ ತಾಸಗಟ್ಟಲೆ ಬಸ್ಸಿನ್ಯಾಗ ಕುಂತು ಬರ್ತಾರ. ನೀವು ನಿಮ್ಮ ಕೈಲೆ ಮಾಡಿದ್ದು ಒಂದ ಚಮಚಾರ ಅವರ ಬಾಯಿಗೆ ಬೀಳಬೇಕು. ನಾಕ ರವಿವಾರ ಕೊಡ್ತೇನಿ. ಬೀಳಲಿಲ್ಲಂದ್ರ ಅಡಗಿಮನಿಗೆ ಕೀಲಿ, ನೀವು ಮತ್ತ ಬಸ್‌ಸ್ಟ್ಯಾಂಡ್ ಕಟ್ಟಿಗೆ."

ನಾಲ್ಕು ರವಿವಾರದಲ್ಲಿ ಒಂದು ಚಮಚ. ಇದೇನು ದೊಡ್ಡ ಮಾತು ಎಂದು ಒಪ್ಪಿಬಿಟ್ಟೆ.

ಬೆಲ್ಲದವನ ಪರೀಕ್ಷೆ

ಮೊದಲ ರವಿವಾರ ಸೀಕರಣಿ. ಎರಡು ಡಜನ್ ಆಪೂಸ್ ಹಣ್ಣು ತಂದೆವು. ಯಾವುದು ಸಿಹಿ, ಯಾವುದು ಹುಳಿ ಎಂದು ಆರಿಸುವ ಕೆಲಸ ಬೆಲ್ಲದವನಿಗೆ ಬಿತ್ತು. ಬೆಲ್ಲದ ಪೇಟೆಯಲ್ಲಿ ಒಂದು ಪದ್ಧತಿ ಇದೆ. ಪೆಂಟೆಯ, ಅಂದರೆ ಬೆಲ್ಲದ ಅಚ್ಚಿನ, ಮೂಲೆಯಿಂದ ಚೂರು ಮುರಿದು, ಬೆರಳಲ್ಲಿ ತಿಕ್ಕಿ, ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ "ಒಂದ ನಂಬರ" ಎಂದೋ "ಎರಡ ನಂಬರ" ಎಂದೋ ಹೇಳಬೇಕು. ಅವನು ಜೀವಮಾನವೆಲ್ಲ ಅದನ್ನೇ ಮಾಡಿದವ. ಬೆಲ್ಲದ ಚೂರು ಮುರಿದರೆ ಪೆಂಟೆ ಉಳಿಯುತ್ತದೆ. ಮಾವಿನಹಣ್ಣಿನ ಚೂರು ಮುರಿದರೆ ರಸ ಮೊಣಕೈಗೆ ಇಳಿಯುತ್ತದೆ, ಇಳಿದದ್ದನ್ನು ಬಿಡಲು ಮನಸ್ಸು ಬರುವುದಿಲ್ಲ.

ನಾವು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆವು. ಒಳಗಿನಿಂದ "ಒಂದ ನಂಬರ… ಒಂದ ನಂಬರ… ಆಹಾ, ಒಂದ ನಂಬರ!" ಎಂಬ ದನಿ ಬರುತ್ತಲೇ ಇತ್ತು. ಹಣ್ಣು ಛಲೋ ಸಿಕ್ಕಾವ ಎಂದು ನಮಗೂ ಖುಷಿ. ತೇರದಾಳದವ ಬಸ್ಸಿಳಿದು ಬರುವ ಹೊತ್ತಿಗೆ ನಾನು ಒಳಗೆ ಹೋದೆ. ನೆಲದ ತುಂಬ ಗೊರಟೆ.

"ಲೇ, ಸೀಕರಣಿಗೆ ಎಷ್ಟ ಉಳದಾವೋ?"

"ಮೂರು," ಎಂದ, ಮೀಸೆ ಒರೆಸಿಕೊಳ್ಳುತ್ತ.

"ಅವಾದ್ರೂ ಯಾಕ ಉಳದಾವು?"

"ಅವು ಫೇಲ್ ಆಗ್ಯಾವು."

ಗ್ಯಾರಂಟಿ ಬಣ್ಣ

ಎರಡನೇ ರವಿವಾರ ಕರ್ಬೂಜದ ಶರಬತ್ತು. ತೇರದಾಳದವನಿಗೆ ಸೋಸಿ ಕೊಡಬೇಕಲ್ಲ, ಅದಕ್ಕೆಂದು ಬನಹಟ್ಟಿಯವ ತಮ್ಮದೇ ಮಗ್ಗದ ಹೊಚ್ಚ ಹೊಸ ಬಟ್ಟೆ ತಂದಿದ್ದ. ಬಿಳಿ ಬಟ್ಟೆ, ಗೇಣಗಲ ಕೆಂಪು ದಡಿ.

"ಹಳೇದು ಒಗದದ್ದು ಅರಬಿ ಐತಿ ತಗೋ," ಎಂದೆ.

"ನಮ್ಮ ದೋಸ್ತಗ ಹಳೇ ಅರಬೀಲೆ ಸೋಸಿ ಕೊಡೂದ? ಇದು ಬನಹಟ್ಟಿ ಮಾಲು. ಬಣ್ಣ ಗ್ಯಾರಂಟಿ."

ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಕರ್ಬೂಜದ ರಸ ಸುರಿದು, ಗಂಟು ಕಟ್ಟಿ ಹಿಂಡಿದ. ಹಿಂಡುವ ಭರದಲ್ಲಿ ದಡಿಯೂ ಮುಳುಗಿತು. ಕೆನೆಬಣ್ಣದ ಹಣ್ಣಿನಿಂದ ಗುಲಾಬಿ ಬಣ್ಣದ ಶರಬತ್ತು ಇಳಿಯತೊಡಗಿತು. ಹೆಂಡತಿ ಬಾಗಿಲಲ್ಲಿ ಇಣುಕಿ, "ಅಗದೀ ಛಂದ ಬಣ್ಣ ಬಂದೈತಿ, ಏನ ಹಾಕೀರಿ ಅಣ್ಣಾರ?" ಎಂದಳು.

"ಏನಿಲ್ಲ ವೈನಿ, ಇದು ಹಣ್ಣಿಂದ ಬಣ್ಣ," ಎಂದ ಬನಹಟ್ಟಿಯವ.

"ಹಂಗಾರ ಕುಡಿ," ಎಂದ ಬೆಲ್ಲದವ, ಲೋಟ ತುಂಬಿ ಅವನ ಮುಂದೆ ಹಿಡಿದು.

ಬನಹಟ್ಟಿಯವ ಲೋಟ ತೆಗೆದುಕೊಂಡ. ತುಟಿಯ ತನಕ ಒಯ್ದ. ಒಮ್ಮೆ ಲೋಟ ನೋಡಿದ, ಒಮ್ಮೆ ದಡಿ ನೋಡಿದ. ಮೆಲ್ಲಗೆ ಕೆಳಗಿಟ್ಟು, "ಇಲ್ಲೋ ಮಾರಾಯ, ಅರಬೀದಽ ಐತಿ," ಎಂದ.

ನಲವತ್ತು ವರ್ಷದಲ್ಲಿ ಒಬ್ಬ ಗಿರಾಕಿಗೂ ಅವನ ಬಾಯಿಂದ ಹೊರಡಿಸಲಾಗದ ಸತ್ಯವನ್ನು ಒಂದು ಕರ್ಬೂಜದ ಹಣ್ಣು ಹೊರಡಿಸಿತು.

ಆ ದಿನ ತೇರದಾಳದವ ನನ್ನ ಹೆಂಡತಿ ಮಾಡಿಕೊಟ್ಟ ಲಿಂಬು ಪಾನಕ ಕುಡಿದು ಬಸ್ಸು ಹತ್ತಿದ. ಇದನ್ನೂ ಲೆಕ್ಕಕ್ಕೆ ಹಿಡಿಯಬಹುದಲ್ಲ ಎಂದು ಅವಳನ್ನು ಕೇಳಿ ನೋಡಿದೆ. "ನಾ ಮಾಡಿದ್ದು ಲೆಕ್ಕಕ್ಕಿಲ್ಲ," ಎಂದಳು.

ಉಪ್ಪು ಯಾಕೆ ಹಾಕುತ್ತಾರೆ

ಮೂರನೆಯದನ್ನು ಹೇಳಲು ನನಗೇ ಸಂಕೋಚ, ಏಕೆಂದರೆ ಅಪರಾಧಿ ನಾನೇ.

ಚಿಕ್ಕು ಐಸ್‌ಕ್ರೀಂ ಮಾಡುವುದೆಂದಾಯಿತು. ಕೈಯಿಂದ ತಿರುವುವ ಹಳೇ ಪಾಟು ಬನಹಟ್ಟಿಯವನ ಅಟ್ಟದಲ್ಲಿತ್ತು. ಕಟ್ಟಿಗೆಯ ಬಕೀಟು, ನಡುವೆ ಹಾಲು ಹಣ್ಣು ತುಂಬುವ ಡಬ್ಬಿ, ಸುತ್ತ ಐಸು ಮತ್ತು ಉಪ್ಪು, ಮೇಲೊಂದು ಹಿಡಿಕೆ. ಮಧ್ಯಾಹ್ನ ಮೂರಕ್ಕೆ ಎಲ್ಲ ಸಜ್ಜಾಯಿತು. ಬನಹಟ್ಟಿಯವ ಉಪ್ಪಿನ ಚೀಲಕ್ಕೆ ಕೈ ಹಾಕಿದ. ನನ್ನೊಳಗಿನ ಮಾಸ್ತರ ಎದ್ದು ನಿಂತ.

"ತಡಿ. ಉಪ್ಪು ಯಾಕ ಹಾಕ್ತಾರ, ಹೇಳು ನೋಡೂಣು?"

"ನಮ್ಮಪ್ಪ ಹಾಕ್ತಿದ್ದ, ಅದಕ."

ಇಂಥ ಉತ್ತರ ಕೇಳಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ನೀರು ಹೆಪ್ಪುಗಟ್ಟುವುದು, ಉಪ್ಪು ಬೆರೆತರೆ ಅದರ ಬಿಂದು ಇಳಿಯುವುದು, ಡಬ್ಬಿಯೊಳಗಿನ ಶಾಖವನ್ನು ಐಸು ಎಳೆದುಕೊಳ್ಳುವುದು, ಎಲ್ಲವನ್ನೂ ಮೊದಲಿಂದ ತಿಳಿಸಿ ಹೇಳಿದೆ. ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದೆ. ಕೊನೆಗೆ, "ತಿಳೀತಿಲ್ಲೊ?" ಎಂದು ಕೇಳಿದೆ.

ಬೆಲ್ಲದವ ಬಕೀಟಿನೊಳಗೆ ಬಗ್ಗಿ ನೋಡಿ ಹೇಳಿದ: "ನಮಗ ತಿಳಿಲಿಲ್ಲ ಮಾಸ್ತರ. ಐಸಿಗೆ ತಿಳದೈತಿ. ಪೂರಾ ಕರಗೇತಿ."

ಮತ್ತೆ ಐಸು ತರುವಷ್ಟರಲ್ಲಿ ಐದೂವರೆ. ತೇರದಾಳದವ ಅಂಗಿಯ ತೋಳು ಮೇಲೇರಿಸಿ ತಾನೇ ತಿರುವಲು ಕೂತ. ಬೆಲ್ಲದವ ಮಾಳಿಗೆ ಹತ್ತಿ ಸೂರ್ಯನನ್ನು ಕಾಯುತ್ತ ಕೂಗತೊಡಗಿದ: "ಇನ್ನ ಎರಡ ಮಾರು ಐತಿ!… ಒಂದ ಮಾರು!… ಲೇ, ಬೇವಿನ ಗಿಡದ ಹಿಂದ ಹೊಂಟ, ಜೋರ ತಿರುವ್ರಿ!" ಡಬ್ಬಿಯ ಮುಚ್ಚಳ ತೆರೆದದ್ದೂ, ಮಾಳಿಗೆಯಿಂದ "ಹೋದ!" ಎಂದು ಕೇಳಿದ್ದೂ ಒಂದೇ ಸಲ.

ತೇರದಾಳದವ ಬೆವರು ಒರೆಸಿಕೊಂಡ. ಕೈಯಲ್ಲಿದ್ದ ಚಮಚ ಕೆಳಗಿಟ್ಟ. ಡಬ್ಬಿಯ ಮೇಲೆ ಬಗ್ಗಿ ಉಸಿರೆಳೆದು, "ವಾಸನಿ ಛಲೋ ಬಂದೈತಿ," ಎಂದು ನಕ್ಕ.

"ಇದು ನಡೀತೈತೇನ?" ಎಂದು ನಾನು ಹೆಂಡತಿಯ ಮುಖ ನೋಡಿದೆ.

"ಮೂವತ್ತಾರ ವರ್ಷ ವಿಜ್ಞಾನ ಕಲಿಸೀರಿ. ಮೂಗು ಯಾವದು, ಬಾಯಿ ಯಾವದು ಗೊತ್ತಿಲ್ಲೇನ್ರಿ?"

ಆಕಾಶದಲ್ಲಿ ಇನ್ನೊಬ್ಬನೂ ಇದ್ದಾನೆ

ಉಳಿದದ್ದು ಒಂದೇ ರವಿವಾರ. ನಮಗೆ ನಿದ್ದೆ ಹತ್ತಲಿಲ್ಲ. ಬಸ್ ನಿಲ್ದಾಣದ ಕಟ್ಟೆ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಮಾವಿನಹಣ್ಣಿನ ಐಸ್‌ಕ್ರೀಂ, ಮುಂಜಾನೆಯೇ ಶುರು ಮಾಡುವುದು, ಮಧ್ಯಾಹ್ನದೊಳಗೆ ಮುಗಿಸುವುದು ಎಂದು ನಿಶ್ಚಯವಾಯಿತು. ಶನಿವಾರ ನಾನೇ ತೇರದಾಳಕ್ಕೆ ಫೋನು ಹಚ್ಚಿ ಎಲ್ಲ ವಿವರವಾಗಿ ಹೇಳಿದೆ.

ರವಿವಾರ ಏನು ಮಾಡಿದೆವೆಂದು ಕೇಳಬೇಡಿ. ಬೆಲ್ಲದವ ತಾನೇ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಹಣ್ಣು ಹೆಚ್ಚಿದ. ಬನಹಟ್ಟಿಯವ ಹಳೆಯ ಬಟ್ಟೆಯನ್ನೇ ಮೂರು ಸಲ ತೊಳೆದು ತಂದ. ನಾನು ಉಪ್ಪನ್ನು ಮಾತಿಲ್ಲದೆ ಹಾಕಿದೆ. ಹನ್ನೆರಡು ಗಂಟೆಗೆ ಐಸ್‌ಕ್ರೀಂ ಗಟ್ಟಿಯಾಗಿ ಸಿದ್ಧ. ಸೂರ್ಯ ನಡುನೆತ್ತಿಯಲ್ಲಿ. ತೇರದಾಳದವ ಬಾಗಿಲಿಗೆ ಬಂದದ್ದೇ ತಡ, ಅವನನ್ನು ಕುರ್ಚಿಯಲ್ಲಿ ಕೂರಿಸಿ, ಬಟ್ಟಲು ಕೈಗೆ ಕೊಟ್ಟು, ಮೂವರೂ ಮುಂದೆ ನಿಂತೆವು.

ಅವನು ಬಟ್ಟಲು ನೋಡಿದ. ನಮ್ಮನ್ನು ನೋಡಿದ. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಇವತ್ತ ಚತುರ್ದಶಿ ಅಲ್ಲೋ. ನಂದು ಉಪವಾಸ."

ಮೂರು ವಾರ ಸೂರ್ಯನನ್ನು ಕಾದವರು ಚಂದ್ರನ ಲೆಕ್ಕ ಮರೆತಿದ್ದೆವು.

"ಲೇ, ಫೋನಿನ್ಯಾಗ ಯಾಕ ಹೇಳಲಿಲ್ಲ?" ಎಂದು ನಾನು ರೇಗಿದೆ.

"ನಾಕ ಸಲ 'ಆದರ' ಅಂದೆ. ನಾಕೂ ಸಲ ನೀ 'ಆದರ ಗೀದರ ಏನಿಲ್ಲ, ಬಾ' ಅಂದಿ. ಮುಂದ ಹಿಡಿಕಿ ಹೆಂಗ ತಿರುವಬೇಕು ಅಂತ ಹೇಳಾಕತ್ತಿದಿ. ನಾ ಹೋಳಿಗಿ ಉಂಡು ಬಂದ್ರೂ ನಿನ್ನ ಮಾತ ಮುಗೀತಿರಲಿಲ್ಲ."

ಹೆಂಡತಿ ನಗುತ್ತ ನಗುತ್ತ ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ನಕ್ಕು ಸಾಕಾದ ಮೇಲೆ ಅವನನ್ನು ಕೇಳಿದಳು: "ನಾಳೆ ಎಷ್ಟೊತ್ತಿಗೆ ಬಾಯಿ ತೆರೀತೀರಿ ಅಣ್ಣಾರ?"

"ಹೊತ್ತು ಹುಟ್ಟಿ ಎರಡ ಘಳಿಗಿ ಆದ ಮ್ಯಾಲ, ವೈನಿ. ಆದರ ಇವತ್ತ ಮಾಡಿಟ್ಟದ್ದು ನಡಿಯೂದಿಲ್ಲ. ನಾಳಿಂದು ನಾಳೆ ಮಾಡಬೇಕು."

"ಹಂಗಾರ ಯಾರೂ ಊರಿಗೆ ಹೋಗಬ್ಯಾಡ್ರಿ. ಉಪವಾಸದ ದಿನ ನಾ ಲೆಕ್ಕಕ್ಕ ಹಿಡಿಯೂದಿಲ್ಲ. ಮುಂಜಾನೆ ಇನ್ನೊಂದ ಸಲ, ಅದಽ ಕಡೀದು." ಆಮೇಲೆ ನನ್ನ ಕಡೆ ತಿರುಗಿದಳು. "ಆದರ ಮಾಡೂ ಮುಂದ ಯಾರೂ ಒಂದ ಮಾತ ಆಡಂಗಿಲ್ಲ. ನೀವಂತೂ ತುಟಿ ಬಿಚ್ಚಬಾರದು."

ಮಾಡಿದ್ದ ಐಸ್‌ಕ್ರೀಂ ಓಣಿಯ ಮಕ್ಕಳ ಪಾಲಾಯಿತು.

ಸೋಮವಾರ ಮುಂಜಾನೆ

ಹೊತ್ತು ಹುಟ್ಟಿದ ಕೂಡಲೇ ಕೆಲಸ ಹಚ್ಚಿದೆವು. ಉಳಿದಿದ್ದ ಹಣ್ಣು, ಆಗಷ್ಟೇ ಕರೆದ ಹಾಲು, ಫ್ಯಾಕ್ಟರಿಯಿಂದ ಹೊಸ ಐಸು. ಒಬ್ಬರೂ ಉಸಿರೆತ್ತಲಿಲ್ಲ. ಕಣ್ಸನ್ನೆ, ಕೈಸನ್ನೆಯಲ್ಲೇ ಎಲ್ಲ. ಹಾಲಿನವ ಬಾಗಿಲಲ್ಲಿ ನಿಂತು, "ಯಾರರ ತೀರಿ ಹೋಗ್ಯಾರೇನ್ರಿ?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದನಂತೆ.

ಇಷ್ಟು ಬೇಗ, ಇಷ್ಟು ಅಚ್ಚುಕಟ್ಟಾಗಿ ನಾವು ಜನ್ಮದಲ್ಲಿ ಏನನ್ನೂ ಮಾಡಿರಲಿಲ್ಲ. ಬೆಲ್ಲದವ ಕೂಡ ರುಚಿ ನೋಡಲಿಲ್ಲ. ಮೊದಲ ಚಮಚ ತೇರದಾಳದವನದೇ ಎಂದು ಎಲ್ಲರೂ ಬಿಗಿದುಕೊಂಡು ನಿಂತಿದ್ದೆವು. ಎರಡು ಘಳಿಗೆ ಕಳೆಯಿತು. ತೇರದಾಳದವ ಕೈ ಮುಗಿದು ಕಣ್ಣು ಮುಚ್ಚಿದ, ಕಣ್ಣು ತೆರೆದು ಸೋಸಿದ ನೀರು ಒಂದು ಗುಟುಕು ಕುಡಿದ, ಬಟ್ಟಲು ತೆಗೆದುಕೊಂಡ. ಚಮಚ ಬಾಯಿಗೆ ಹೋಯಿತು. ಅಂತೂ ಬಾಯಿಗೆ ಬಿತ್ತು! ಬನಹಟ್ಟಿಯವ ನನ್ನ ಭುಜ ಹಿಂಡಿದ.

ಅವನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ.

"ಛಲೋ ಆಗೇತಿ," ಎಂದ. "ಆದರ…"

ನಾನು ಬಾಯಿ ತೆರೆದೆ. ಹೆಂಡತಿ ಬೆರಳೆತ್ತಿದಳು. ನಾನು ಬಾಯಿ ಮುಚ್ಚಿದೆ.

"ಆದರ ಏನ್ರಿ ಅಣ್ಣಾರ? ಹೇಳ್ರಿ, ಇವತ್ತ ಯಾರೂ ನಡುವ ಬರೂದಿಲ್ಲ."

"ಏನಿಲ್ಲ ವೈನಿ. ಸಕ್ಕರಿ ಇದಕ್ಕ ಕಡೀಕ ಹಾಕ್ತಾರೇನು?"

ಬನಹಟ್ಟಿಯವ ಬೆಲ್ಲದವನನ್ನು ನೋಡಿದ, ಬೆಲ್ಲದವ ನನ್ನನ್ನು ನೋಡಿದ, ನಾನು ಸಕ್ಕರೆ ಡಬ್ಬಿಯನ್ನು ನೋಡಿದೆ. ಮುಚ್ಚಳ ಕೂಡ ತೆರೆದಿರಲಿಲ್ಲ. ಅವನು ಹಾಕಿರಬೇಕೆಂದು ಇವನು, ಇವನು ಹಾಕಿರಬೇಕೆಂದು ನಾನು. "ಹಾಕಿದಿಯಾ?" ಎಂದು ಕೇಳಬೇಕೆಂದರೆ ಮಾತಾಡುವಂತಿರಲಿಲ್ಲ.

ಈಗ ಕೀಲಿ ಬೀಳುತ್ತದೆಂದು ನಾವು ಮೂವರೂ ತಲೆ ತಗ್ಗಿಸಿ ನಿಂತೆವು. ತೇರದಾಳದವ ಮಾತ್ರ ಬಟ್ಟಲು ಕೆಳಗಿಡದೆ ಎರಡನೇ ಚಮಚ ತೆಗೆದುಕೊಂಡ, ಮೂರನೆಯದನ್ನೂ ತೆಗೆದುಕೊಂಡ.

ಹೆಂಡತಿ ಸಕ್ಕರೆ ಡಬ್ಬಿ ತಂದು ನನ್ನ ಕೈಯಲ್ಲಿಟ್ಟಳು.

"ಬಾಯಿಗೆ ಬೀಳಬೇಕು ಅಂದಿದ್ದೆ, ಬಿತ್ತು. ಸಿಹಿ ಇರಬೇಕು ಅಂತ ಎಲ್ಲಿ ಅಂದಿದ್ದೆ? ಅಡಗಿಮನಿ ನಿಮ್ಮದಽ. ಇನ್ನ ಮಾತಾಡ್ರಿ ಮಾರಾಯರ. ನೀವು ಮಾತಾಡಿದ್ರ ಐಸ್ ಅಷ್ಟ ಕರಗತಿತ್ತು, ಸುಮ್ಮ ಕುಂತ್ರ ಸಕ್ಕರೀನಽ ತಪ್ಪತೈತಿ!"