ಲೇಬಲ್ ಇಲ್ಲದ ಫೀನಾಲ್

ಅಟೆಂಡರ್ ಕರಿಯಯ್ಯ ಹೇಳಿದ ಕೆಲಸವನ್ನು ಯಾವತ್ತೂ ಮಾಡಿದವನಲ್ಲ. ಆದರೆ ವರ್ಷಕ್ಕೊಮ್ಮೆ ಯಾರೂ ಹೇಳದ ಕೆಲಸವನ್ನು ಮೈಮೇಲೆ ಬಂದವನಂತೆ ಮಾಡುತ್ತಿದ್ದ. ಅರಸೀಕೆರೆಯ ಆ ಕಾಲೇಜಿಗೆ ತಪಾಸಣೆಯವರು ಬರುವ ದಿನವೇ ಅವನಿಗೆ ಆ ಉತ್ಸಾಹ ಉಕ್ಕಿತು. ರಸಾಯನಶಾಸ್ತ್ರದ ಲ್ಯಾಬಿನಲ್ಲಿದ್ದ ಬಾಟಲಿಗಳನ್ನೆಲ್ಲ ಬಿಸಿನೀರು, ಸೋಪುಪುಡಿ, ತೆಂಗಿನ ನಾರು ಹಾಕಿ ಉಜ್ಜಿ ಸಾಲಾಗಿ ಜೋಡಿಸಿಟ್ಟ.

ಹಳೇಬೀಡಿನಿಂದ ಮೊದಲ ಬಸ್ಸು ಹಿಡಿದು, ದಾರಿಯುದ್ದಕ್ಕೂ ಸೀನುತ್ತಾ ಬಂದಿಳಿದ ಅತಿಥಿ ಉಪನ್ಯಾಸಕ ಇಂದ್ರೇಶ್ ಲ್ಯಾಬಿನ ಬಾಗಿಲಲ್ಲೇ ನಿಂತುಬಿಟ್ಟ. ಬಾಟಲಿಗಳು ಮದುಮಗನ ಹಾಗೆ ಹೊಳೆಯುತ್ತಿದ್ದವು. ಒಂದರ ಮೇಲೂ ಲೇಬಲ್ ಇರಲಿಲ್ಲ.

"ಚೀಟಿ ಎಲ್ಲಿ ಕರಿಯಯ್ಯ?"

"ಮಾಸಿ ಹೋಗಿದ್ವು ಸಾ. ಕೆರೆದು ತೆಗ್ದೆ. ಈಗ ನೋಡಿ, ಎಷ್ಟು ಚೆಂದಾಗೈತೆ."

ಇಂದ್ರೇಶ್ ಹಣೆ ಹಿಡಿದು ಸ್ಟೂಲಿನ ಮೇಲೆ ಕುಳಿತ. ವಿಭಾಗದಲ್ಲಿದ್ದವರು ಹನ್ನೊಂದೇ ವಿದ್ಯಾರ್ಥಿಗಳು. ಈ ಸಲದ ವರದಿ ಕೆಟ್ಟದಾಗಿ ಬಂದರೆ ವಿಭಾಗವನ್ನೇ ಮುಚ್ಚುತ್ತಾರೆ ಎಂದು ಪ್ರಿನ್ಸಿಪಾಲ್ ಚನ್ನಬಸವಯ್ಯನವರು ವಾರದಿಂದ ದಿನಕ್ಕೆರಡು ಬಾರಿ ಹೇಳಿ ಅವನ ನಿದ್ದೆ ಕೆಡಿಸಿದ್ದರು. ಅದಕ್ಕೇ ಅವನು ಒಂದು ಸುಲಭವಾದ, ಕಣ್ಣಿಗೆ ಕಾಣುವ ಪಾಠವನ್ನು ಆರಿಸಿಕೊಂಡಿದ್ದ. ಬೆಂಜೀನ್ ಉಂಗುರದ ಮೇಲೆ ಯಾವ ಗುಂಪು ಕೂತಿದೆಯೋ ಅದರ ಮೇಲೆ ಉಂಗುರದ ಸ್ವಭಾವ ನಿಂತಿದೆ ಎಂದು ತೋರಿಸುವ ಪಾಠ ಅದು. ಫೀನಾಲಿನಲ್ಲಿರುವ ಹೈಡ್ರಾಕ್ಸಿ ಗುಂಪು ಉಂಗುರಕ್ಕೆ ಎಲೆಕ್ಟ್ರಾನ್ ಕೊಡುತ್ತದೆ. ಬ್ರೋಮಿನ್ ನೀರು ಬಿದ್ದ ಕೂಡಲೇ ಬಿಳಿ ಪುಡಿ ಇಳಿಯುತ್ತದೆ. ನೈಟ್ರೋಬೆಂಜೀನಿನಲ್ಲಿ ನೈಟ್ರೋ ಗುಂಪು ಎಲೆಕ್ಟ್ರಾನನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಬ್ರೋಮಿನ್ ನೀರು ಬಿದ್ದರೂ ಆ ಉಂಗುರ ಅಲ್ಲಾಡುವುದಿಲ್ಲ.

ಪಾಠಕ್ಕೆ ಬೇಕಾದ ಫೀನಾಲ್, ಅನಿಲೀನ್, ನೈಟ್ರೋಬೆಂಜೀನ್ ಮೂರೂ ಹಳೆಯ ಸರಕಾಗಿ ಒಂದೇ ತರಹದ ಟೀ ಬಣ್ಣಕ್ಕೆ ತಿರುಗಿದ್ದವು. ವಾಸನೆಯಿಂದ ಗುರುತಿಸೋಣವೆಂದರೆ ನೆಗಡಿಯಿಂದ ಅವನ ಮೂಗು ಕಟ್ಟಿತ್ತು.

ಅಷ್ಟರಲ್ಲಿ ಇತಿಹಾಸದ ಸುವರ್ಣಮ್ಮ ಒಳಗೆ ಬಂದವರು, ಅವನು ಬೇಡ ಎನ್ನುವ ಮೊದಲೇ ಒಂದು ಬಾಟಲಿಯ ಬಿರಡೆ ತೆಗೆದು ಮೂಗಿನ ಹತ್ತಿರ ಹಿಡಿದರು. "ಬಾದಾಮಿ ಹಾಲಿನ ವಾಸನೆ ಬರ್ತಿದೆ ಕಣ್ರೀ" ಎಂದರು. ಅದು ವಿಷ ಮೇಡಂ ಎಂದು ಇಂದ್ರೇಶ್ ಕಸಿದುಕೊಂಡ. ಸುವರ್ಣಮ್ಮನವರಿಗೆ ಬೇಜಾರಾಯಿತು. ಅವನಿಗೆ ಮಾತ್ರ ಆ ದಿನದ ಮೊದಲ ಒಳ್ಳೆಯ ಸುದ್ದಿ ಸಿಕ್ಕಿತ್ತು: ಬಾದಾಮಿ ವಾಸನೆ ಎಂದರೆ ನೈಟ್ರೋಬೆಂಜೀನ್. ಅದನ್ನು ಮೇಜಿನ ಎಡತುದಿಗೆ ಇಟ್ಟ. ಉಳಿದೆರಡನ್ನು ಪರೀಕ್ಷಿಸಲು ನೋಡಿದರೆ ಬ್ರೋಮಿನ್ ನೀರಿನ ಬಾಟಲಿ ಖಾಲಿ. ಅದನ್ನು ಕರಿಯಯ್ಯ ಒಳಗೂ ತೊಳೆದಿದ್ದ.

ಪಕ್ಕದ ಪಿಯು ಕಾಲೇಜಿಗೆ ಓಡಿ, ಅಲ್ಲಿಯವರನ್ನು ಕಾಡಿ ಬೇಡಿ, ಅರ್ಧ ಬಾಟಲಿ ಬ್ರೋಮಿನ್ ನೀರು ಹಿಡಿದು ವಾಪಸ್ಸು ಬಂದಾಗ ಮೇಜಿನ ಮೇಲೆ ಮೂರೂ ಬಾಟಲಿಗಳಿಗೆ ಹೊಸ ಲೇಬಲ್ ಅಂಟಿಸಿತ್ತು. ಅಕ್ಷರ ಮುತ್ತಿನಂತಿತ್ತು. ಬರೆದವರು ವಾಣಿಜ್ಯ ವಿಭಾಗದ ನಂಜಪ್ಪ.

"ಯಾವುದು ಯಾವುದು ಅಂತ ಹೆಂಗೆ ಗೊತ್ತಾಯ್ತು ಸಾರ್ ನಿಮಗೆ?" ಇಂದ್ರೇಶ್ ಕೇಳಿದ.

"ಗೊತ್ತಿಲ್ಲ. ಅಂಟಿಸಿದೀನಿ. ಬಂದವರೇನು ಕುಡಿದು ನೋಡ್ತಾರಾ?" ಎಂದರು ನಂಜಪ್ಪ. ಅಂದವಾಗಿ ಕಾಣಲೆಂದು ಬಾಟಲಿಗಳನ್ನು ಎತ್ತರದ ಪ್ರಕಾರ ಜೋಡಿಸಿಯೂ ಇದ್ದರು. ಎಡತುದಿ ಬಲತುದಿ ಎಲ್ಲ ಕಲಸಿಹೋಗಿತ್ತು.

ಇಂದ್ರೇಶ್ ಬಾಯಿ ತೆರೆಯುವಷ್ಟರಲ್ಲಿ ಪ್ರಿನ್ಸಿಪಾಲರು ತಪಾಸಣೆಗೆ ಬಂದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಸಿದ್ದಬಸಪ್ಪನವರನ್ನು ಕರೆದುಕೊಂಡು ಬಂದೇಬಿಟ್ಟರು. ಹಿಂದೆಯೇ ಹನ್ನೊಂದು ವಿದ್ಯಾರ್ಥಿಗಳೂ ಬಂದು ಕುಳಿತರು. ಸಿದ್ದಬಸಪ್ಪನವರು ಮುಂದಿನ ಬೆಂಚಿನಲ್ಲಿ ಕೂತು, ನಗದ ಮುಖದಿಂದ ಪೆನ್ನಿನ ಕ್ಯಾಪ್ ತೆಗೆದರು.

ಇಂದ್ರೇಶ್ ಬೋರ್ಡಿನ ಮೇಲೆ ಉಂಗುರ ಬರೆದು, ಹೈಡ್ರಾಕ್ಸಿ ಗುಂಪನ್ನು ಕೂರಿಸಿ, ಬ್ರೋಮಿನ್ ಬಂದು ಸೇರುವ ಮೂರು ಜಾಗಗಳನ್ನು ಗುರುತು ಮಾಡಿದ. ಆಮೇಲೆ ದೇವರ ಮೇಲೆ ಭಾರ ಹಾಕಿ, 'ಫೀನಾಲ್' ಎಂದು ಬರೆದಿದ್ದ ಬಾಟಲಿಯಿಂದ ಒಂದಿಷ್ಟು ಪ್ರನಾಳಕ್ಕೆ ಸುರಿದು ಬ್ರೋಮಿನ್ ನೀರು ಹನಿಸಿದ.

ಏನೂ ಆಗಲಿಲ್ಲ. ಅಲುಗಾಡಿಸಿದ. ಕಿತ್ತಳೆ ಬಣ್ಣ ಕರಗಲೂ ಇಲ್ಲ, ಬಿಳಿ ಪುಡಿ ಇಳಿಯಲೂ ಇಲ್ಲ. ಸಿದ್ದಬಸಪ್ಪನವರ ಹುಬ್ಬು ಮೇಲೇರಿತು. ಪ್ರಿನ್ಸಿಪಾಲರು ಕಿಟಕಿಯ ಹೊರಗೆ ನೋಡತೊಡಗಿದರು.

ಇಂದ್ರೇಶ್ ನಗು ತಂದುಕೊಂಡ. "ಚೀಟೀಲಿ ಫೀನಾಲ್ ಅಂತ ಇದೆ. ಚೀಟಿ ನಂಬ್ತೀರೋ, ಪ್ರಯೋಗ ನಂಬ್ತೀರೋ?" ಎಂದು ವಿದ್ಯಾರ್ಥಿಗಳನ್ನು ಕೇಳಿದ.

ಸ್ವಾತಿ ಎಂಬ ಹುಡುಗಿ ಎದ್ದು ನಿಂತಳು. "ಪ್ರಯೋಗ ಸಾರ್. ಈ ಉಂಗುರದ ಮೇಲೆ ಎಲೆಕ್ಟ್ರಾನ್ ಎಳೆಯೋ ಗುಂಪು ಕೂತಿದೆ. ನೈಟ್ರೋಬೆಂಜೀನ್ ಇರಬೇಕು."

ಅವಳಿಗೆ ಕೈಯೆತ್ತಿ ಮುಗಿಯಬೇಕೆನಿಸಿತು ಇಂದ್ರೇಶನಿಗೆ. ಧೈರ್ಯ ಬಂದು ಇನ್ನೊಂದು ಬಾಟಲಿ ಎತ್ತಿದ. ಅದಕ್ಕೆ ಬ್ರೋಮಿನ್ ನೀರು ಬಿದ್ದದ್ದೇ ತಡ, ಹಾಲು ಒಡೆದಂತೆ ಬಿಳಿ ಪುಡಿ ಇಳಿಯಿತು. ಇದು ಫೀನಾಲೂ ಇರಬಹುದು, ಅನಿಲೀನೂ ಇರಬಹುದು, ಎರಡರ ಗುಂಪೂ ಎಲೆಕ್ಟ್ರಾನ್ ಕೊಡುವಂಥದ್ದೇ ಎಂದು ವಿವರಿಸಿ, ಬೇರೆ ಪ್ರನಾಳದಲ್ಲಿ ಅದೇ ದ್ರವಕ್ಕೆ, ಹಳದಿ ಬಣ್ಣದಿಂದಲೇ ಗುರುತು ಸಿಕ್ಕ, ಫೀನಾಲ್ ಇದ್ದರೆ ಮಾತ್ರ ನೇರಳೆಯಾಗುವ ಫೆರಿಕ್ ಕ್ಲೋರೈಡ್ ಹಾಕಿದ. ನೇರಳೆ ಬಣ್ಣ ಅರಳಿತು. ಫೀನಾಲ್ ಎಂದು ಹನ್ನೊಂದು ಮಂದಿಯೂ ಒಟ್ಟಿಗೆ ಕೂಗಿದರು.

ಸಿದ್ದಬಸಪ್ಪನವರು ಪೆನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಬೇಕೆಂದೇ ತಪ್ಪು ಲೇಬಲ್ ಅಂಟಿಸಿ ವಿದ್ಯಾರ್ಥಿಗಳ ಕೈಯಿಂದಲೇ ಸತ್ಯ ಹೊರಡಿಸಿದ ಇಂಥ ಪಾಠವನ್ನು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲವೆಂದರು. ವಿಭಾಗ ಮುಚ್ಚುವ ಮಾತೇ ಇಲ್ಲ ಎಂದು ಅಲ್ಲೇ ವರದಿ ಬರೆದು ಸಹಿ ಹಾಕಿದರು. ನಂಜಪ್ಪ ಬಾಗಿಲಲ್ಲಿ ನಿಂತು ಎಲ್ಲ ತಮ್ಮದೇ ಯೋಜನೆ ಎಂಬಂತೆ ತಲೆ ಆಡಿಸಿದರು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಇಂದ್ರೇಶನ ಉಸಿರು ಸಲೀಸಾಗಿ ಆಡಿತು.

ಕಾಫಿ ಕುಡಿಯುವಾಗ ಸಿದ್ದಬಸಪ್ಪನವರು ಇಲ್ಲಿ ಕಾಯಂ ಹುದ್ದೆ ಇದೆಯೇ ಎಂದು ವಿಚಾರಿಸಿದರು. ಒಂಬತ್ತು ವರ್ಷದಿಂದ ಖಾಲಿ ಇದೆ, ಯಾರೂ ಕೇಳಿಕೊಂಡು ಬಂದಿಲ್ಲ ಎಂದರು ಪ್ರಿನ್ಸಿಪಾಲರು.

"ನಾನು ಬರ್ತೀನಿ" ಎಂದರು ಸಿದ್ದಬಸಪ್ಪನವರು. "ನಮ್ಮತ್ತೆ ಮನೆ ಇಲ್ಲೇ. ಲ್ಯಾಬು ಹಾಳು ಬಿದ್ದಿದೆ ಅಂತ ಹೆದರಿ ಇಷ್ಟು ದಿನ ವರ್ಗಾವಣೆ ಕೇಳಿರಲಿಲ್ಲ. ಇಂಥ ಮಕ್ಕಳಿದ್ದಾರೆ ಅಂದಮೇಲೆ ಇನ್ನೇನು? ನಾಳೆನೇ ಅರ್ಜಿ ಹಾಕ್ತೀನಿ."

ಕಾಯಂ ಉಪನ್ಯಾಸಕರು ಬಂದ ದಿನವೇ ಅತಿಥಿ ಉಪನ್ಯಾಸಕ ಮನೆಗೆ ಹೋಗಬೇಕೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪ್ರಿನ್ಸಿಪಾಲರು ಕೆಮ್ಮಿದರು. ಸುವರ್ಣಮ್ಮ ಲೋಟದೊಳಗೆ ನೋಡಿದರು.

ಸಿದ್ದಬಸಪ್ಪನವರು ಮಾತ್ರ ಪ್ರೀತಿಯಿಂದ ಇಂದ್ರೇಶನ ಹೆಗಲ ಮೇಲೆ ಕೈ ಹಾಕಿದರು. "ನೀವು ಈ ಕಡೆಯವರೇ ಅಲ್ವೇನ್ರೀ? ಸ್ಟೇಷನ್ ಹತ್ರ ನನಗೊಂದು ಬಾಡಿಗೆ ಮನೆ ನೋಡಿ. ಅತ್ತೆ ಮನೇಲಿ ಎಷ್ಟು ದಿನ ಇರೋಕಾಗುತ್ತೆ?"