ಬೊಳ್ಳಪ್ಪನ ಸಿಲಿಂಡರ್ ಕಡುಬು

ಉಂಡೆ ಕಡುಬಿನ ಮೇಲೆ ಬೊಳ್ಳಪ್ಪನಿಗೆ ವೈಯಕ್ತಿಕ ದ್ವೇಷವೇನೂ ಇರಲಿಲ್ಲ. ಅದು ನಿಧಾನವಾಗಿ ಬೇಯುತ್ತದೆ ಎಂಬುದಷ್ಟೇ ಅವನ ದೂರು. ಬೇರೆ ವರ್ಷವಾಗಿದ್ದರೆ ಅದನ್ನೂ ಕ್ಷಮಿಸುತ್ತಿದ್ದ. ಆದರೆ ಈ ಸಲ ಕೋವಿ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನವೇ ಮಧ್ಯಾಹ್ನದ ಬಸ್ಸಿಗೆ ಹೆಂಡತಿ ತಂಗಮ್ಮನ ಜೊತೆ ಮಾದಾಪುರಕ್ಕೆ, ಅವಳ ತವರಿಗೆ, ಹೊರಡಬೇಕಿತ್ತು. ತಂಗಮ್ಮನ ತಂಗಿ ಹೆತ್ತಿದ್ದಳು. ಮಗುವನ್ನು ನೋಡಬೇಕೆಂಬುದು ಊರಿಗೆ ಹೇಳಿದ ಕಾರಣ. ಹೇಳದ ಕಾರಣ ಬೇರೆ. ಮದುವೆಯಾಗಿ ವರ್ಷ ತುಂಬುತ್ತ ಬಂದರೂ ಬೊಳ್ಳಪ್ಪನ ತುಂಬಿದ ಮನೆಯಲ್ಲಿ ಗಂಡ ಹೆಂಡತಿ ಪಕ್ಕಪಕ್ಕ ಕೂತು ನೆಮ್ಮದಿಯಾಗಿ ಮಾತಾಡಿದ್ದೇ ಇಲ್ಲ. ಬಸ್ಸಿನಲ್ಲಾದರೆ ಯಾರೂ ಆಕ್ಷೇಪಿಸುವಂತಿಲ್ಲ. ಇಂಗ್ಲಿಷ್ ದೊರೆಗಳ ಆ ಕಾಲದಲ್ಲಿ ಬಸ್ಸು ದಿನಕ್ಕೊಂದೇ.

"ಹಿರಿಯರ ಊಟ ಆದ ಮೇಲೆ ಹೋಗಿ. ಅದಕ್ಕಿಂತ ಮೊದಲು ಆಗೂದಿಲ್ಲೆ," ಎಂದು ಅವ್ವ ಹೊನ್ನಮ್ಮ ಹೇಳಿದ್ದಳು.

ಹೀಗಾಗಿ ಹಬ್ಬದ ಬೆಳಿಗ್ಗೆ, ಮಡಿಕೇರಿಯ ಶಾಲೆಯೊಂದರ ವಿಜ್ಞಾನದ ಮಾಸ್ತರನೂ ಬಿ.ಎಸ್ಸಿ. ಪದವೀಧರನೂ ಆದ ಬೊಳ್ಳಪ್ಪ, ಕೈತೊಳೆದು ಅಡಿಗೆಮನೆಗೆ ಪಾದಾರ್ಪಣೆ ಮಾಡಿದ. ಅತ್ತೆ ಸೊಸೆ ಇಬ್ಬರೂ ಅಕ್ಕಿ ತರಿಯ ಹಿಟ್ಟಿನ ಮುಂದೆ ಕೂತಿದ್ದರು. ಅವನು ಇದ್ದಲು ತೆಗೆದು ನೆಲದ ಮೇಲೆ ಬರೆಯತೊಡಗಿದ.

"ಶಾಖ ಹೊರಗಿಂದ ಒಳಗೆ ಹೋಗ್ತದೆ. ಅದು ಎತ್ತ ಹೋಗ್ತದೆ ಅಂತ ಗ್ರೇಡಿಯಂಟ್ ಹೇಳ್ತದೆ."

"ಹಿಟ್ಟು ತಣೀತಾ ಉಟ್ಟು ಅಂತ ನಾ ಹೇಳ್ತೆ," ಎಂದಳು ಹೊನ್ನಮ್ಮ.

"ಕೇಳವ್ವ. ಪೆಟ್ಟಿಗೆಗಾದ್ರೆ ಉದ್ದ, ಅಗಲ, ಎತ್ತರ ಸಾಕು. ಉಂಡೆಗೆ ಅದು ಒಗ್ಗೂದಿಲ್ಲೆ. ನಡುವಿನಿಂದ ಎಷ್ಟು ದೂರ, ನೆತ್ತಿಯಿಂದ ಎಷ್ಟು ಕೋನ, ಸುತ್ತ ಎಷ್ಟು ಕೋನ ಅಂತ ನೋಡ್ಬೇಕು. ಕೋಲಿನ ಹಾಗೆ ಇದ್ರೆ ಲೆಕ್ಕ ಮತ್ತೆ ಬೇರೆ..."

"ತಿನ್ನೋನಿಗೆ ಬಾಯಿಂದ ಎಷ್ಟು ದೂರ ಅಂತ ಗೊತ್ತಿದ್ರೆ ಸಾಕು ಮಗ."

ಬೊಳ್ಳಪ್ಪ ಎದೆಗುಂದಲಿಲ್ಲ. ಬೇಯುವ ಹೊತ್ತು ತ್ರಿಜ್ಯದ ವರ್ಗದಂತೆ ಏರುತ್ತದೆ. ಅದೇ ಹಿಟ್ಟನ್ನು ಬೆರಳು ದಪ್ಪದ ಕೋಲಾಗಿ ಹೊಸೆದರೆ ಅರ್ಧ ಹೊತ್ತೂ ಬೇಡ. (ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವನ ಪರವಾಗಿ ಇದನ್ನು ಈಗಲೇ ಹೇಳಿಬಿಡುವುದು ನ್ಯಾಯ.)

ತಂಗಮ್ಮ ಮೆಲ್ಲಗೆ ಕೇಳಿದಳು: "ನಿಜಕ್ಕೂ ಬಸ್ಸಿಗೆ ಮೊದಲೇ ಆಗ್ತದಾ?"

"ಬಸ್ಸು ಬರುವಾಗ ನಾವು ರಸ್ತೇಲಿ ನಿಂತಿರ್ತೇವೆ."

"ಹಾಗಾದ್ರೆ ನೀವೇ ಬೇಯಿಸಿ. ಎಡವಟ್ಟಾದ್ರೆ ಬೈಗುಳಾನೂ ನಿಮಗೇ."

ಬೊಳ್ಳಪ್ಪ ಹೊಸೆದ. ಒಂದು ಕೋಲು ಇನ್ನೊಂದಕ್ಕಿಂತ ಕೂದಲೆಳೆ ದಪ್ಪವಾದರೂ ಮುರಿದು ಮತ್ತೆ ಹೊಸೆದ. ಕಡುಬಿನ ಪಾತ್ರೆಯಲ್ಲಿ ಸಾಲಾಗಿ, ಒಂದಕ್ಕೊಂದು ಒತ್ತಾಗಿ, ಸಾಲಿನ ಮೇಲೆ ಸಾಲು, ಇರುವೆ ನುಗ್ಗಲೂ ಸಂದಿಲ್ಲದಂತೆ ಜೋಡಿಸಿ ಮುಚ್ಚಿದ. ಜಾಗ ವ್ಯರ್ಥವಾಗಲಿಲ್ಲ ಎಂಬ ಹೆಮ್ಮೆ ಬೇರೆ.

ಹೊರಗೆ ಕೋವಿಗಳ ಪೂಜೆ ಮುಗಿದು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆದಿತ್ತು. ದೊಡ್ಡಪ್ಪ ಪೂವಯ್ಯ ಜಗಲಿಯಿಂದಲೇ ಕೂಗಿದ: "ಕಡುಬು ಎಲ್ಲಿ ಮಾರಾಯ? ಹಂದಿ ಸಾರು ಆರ್ತಾ ಉಟ್ಟು!"

ಬೊಳ್ಳಪ್ಪ ಮುಚ್ಚಳ ತೆಗೆದ.

ಒಳಗೆ ಕೋಲುಗಳಿರಲಿಲ್ಲ. ಪಾತ್ರೆಯ ಆಕಾರದ ಒಂದೇ ಒಂದು ಬೆಳ್ಳನೆಯ ವಸ್ತು ಇತ್ತು.

ಪ್ರತಿ ಕೋಲಿನ ಸುತ್ತಲೂ ಹಬೆ ಇರುತ್ತದೆ ಎಂದು ಅವನ ಸಮೀಕರಣ ನಂಬಿತ್ತು. ಉಂಡೆಗಳನ್ನು ಎಷ್ಟು ಒತ್ತಿಟ್ಟರೂ ನಡುವೆ ಸಂದಿ ಉಳಿಯುತ್ತದೆ, ಹಬೆ ಏರುತ್ತದೆ. ಅವನ ಕೋಲುಗಳು ಹಬೆಗೆ ದಾರಿ ಬಿಡದೆ ಅಂಟಿಕೊಂಡು ಒಂದಾಗಿದ್ದವು. ಆದದ್ದು ಸಿಲಿಂಡರೇ, ಸಂಶಯವಿಲ್ಲ. ಆದರೆ ತ್ರಿಜ್ಯ ಬೆರಳಿನದಲ್ಲ, ಪಾತ್ರೆಯದು. ಅಭ್ಯಾಸಬಲದಿಂದ ಬೊಳ್ಳಪ್ಪ ಹೊಸ ತ್ರಿಜ್ಯವನ್ನು ಸೂತ್ರಕ್ಕೆ ಹಾಕಿದ. ನಾಳೆ ಬೆಳಗಿನ ಜಾವ ಎಂದು ಉತ್ತರ ಬಂತು.

"ಎಂತ ಇದು?" ಎಂದಳು ತಂಗಮ್ಮ.

"ಎಲ್ಲ ಅಂಟ್ಕೊಂಡಿದೆ."

"ಈ ಮನೆಯವರ ಹಾಗೆ," ಎಂದು ಅವಳು ಅತ್ತೆಗೆ ಕೇಳದಷ್ಟು ಮೆಲ್ಲಗೆ ಹೇಳಿದಳು. ನಗುತ್ತಲೇ ಹೇಳಿದ್ದಳು, ಆದರೆ ಅವಳ ಕಣ್ಣು ಬಾಗಿಲ ಬಳಿ ಕಟ್ಟಿಟ್ಟಿದ್ದ ಟ್ರಂಕಿನ ಮೇಲಿತ್ತು.

ಹೊನ್ನಮ್ಮ ಬೈಯಲಿಲ್ಲ. ಪಾತ್ರೆಯನ್ನು ಬಾಳೆಲೆಯ ಮೇಲೆ ಬೋರಲು ಹಾಕಿ, ಬೆಂದಿದ್ದ ಹೊರಪದರವನ್ನು ಕತ್ತಿಯಿಂದ ಸುತ್ತಲೂ ಕೊಯ್ದು ಹಿರಿಯರಿಗೆ ಬಡಿಸಿದಳು. ಉಳಿದವರಿಗೂ ಹೇಗೋ ಸಾಕಾಯಿತು. ತಂಗಮ್ಮನೂ ಉಂಡಳು.

"ತೆಂಗಿನಕಾಯಿ ಚೂರು ತಿಂದ ಹಾಗಾತು. ರುಚಿಗೆ ಮೋಸ ಇಲ್ಲೆ," ಎಂದ ಪೂವಯ್ಯ.

ಅಷ್ಟರಲ್ಲಿ ತಿರುವಿನಾಚೆ ಬಸ್ಸಿನ ಹಾರನ್ ಕೇಳಿಸಿತು. ಬೊಳ್ಳಪ್ಪ ಟ್ರಂಕು ಎತ್ತಿದ.

"ನೀ ಎಲ್ಲಿಗೆ?" ಎಂದಳು ಅವ್ವ.

"ಮಾದಾಪುರಕ್ಕೆ."

"ಉಂಡ್ಯಾ?"

"ಅಲ್ಲೇ ಹೋಗಿ..."

"ಹಬ್ಬದ ಕಡುಬು ಬೇಯಿಸಿದೋರು ಅದನ್ನ ತಿನ್ನದೆ ಹೊಸ್ತಿಲು ದಾಟಿದ್ದು ಈ ಮನೇಲಿ ಇಲ್ಲೆ. ನನ್ನ ಅತ್ತೆ ದಾಟಿಲ್ಲೆ, ನಾ ದಾಟಿಲ್ಲೆ."

ಈ ನಿಯಮ ಗಂಡಸೊಬ್ಬನಿಗೆ ತಗಲಿದ್ದು ಇದೇ ಮೊದಲು. ಆ ಮನೆಯಲ್ಲಿ ಗಂಡಸು ಕಡುಬು ಬೇಯಿಸಿದ್ದೂ ಇದೇ ಮೊದಲು.

"ಹಾಗಾದ್ರೆ ಬೇಗ ಬಡಿಸವ್ವ!"

"ಉಳಿದದ್ದು ನಡು ಮಾತ್ರ. ಬೆಂದಿಲ್ಲೆ. ಮತ್ತೆ ಹಬೆಗಿಟ್ಟೆ."

ಪೂವಯ್ಯ ಕೈತೊಳೆದು ಬಂದ. "ಮಗು ನೋಡೋಕೆ ಹೊರಟ ಹೆಣ್ಣನ್ನ ತಡೀಬೇಡಿ. ನಾ ಕರ್ಕೊಂಡು ಹೋಗಿ ಬಿಟ್ಟು ಬರ್ತೆ. ಕೊಡು ಆ ಟ್ರಂಕು."

ತಂಗಮ್ಮ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. "ನಾಳೆ ಬಸ್ಸಿಗೆ ಬನ್ನಿ. ನಾ ರಸ್ತೇಲೇ ಕಾಯ್ತೆ," ಎಂದು ಯಾರಿಗೂ ಕೇಳಿಸದಂತೆ ಹೇಳಿ ಹೋದಳು.

ಕಿಟಕಿಯಿಂದ ಕೆಳಗಿನ ರಸ್ತೆ ಕಾಣುತ್ತಿತ್ತು. ಬಸ್ಸು ಹಾದುಹೋಯಿತು. ತಂಗಮ್ಮನ ಪಕ್ಕದಲ್ಲಿ ದೊಡ್ಡಪ್ಪ ಕಾಲು ಚಾಚಿ ಸುಖವಾಗಿ ಕೂತಿದ್ದ.

ಹೊನ್ನಮ್ಮ ಮಗನ ಪಕ್ಕ ಬಂದು ನಿಂತಳು. ದನಿ ಮೆತ್ತಗಾಗಿತ್ತು. "ಇನ್ನೆಷ್ಟು ಹೊತ್ತು ಬೇಕು ಮಗ, ನಿನ್ನ ಲೆಕ್ಕದಲ್ಲಿ?"

ಉತ್ತರ ಬೊಳ್ಳಪ್ಪನಿಗೆ ಗೊತ್ತಿತ್ತು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಇನ್ನೊಂದು ಕೊಳ್ಳಿ ಒಳಗೆ ನೂಕಿದ.