ಹಿರಿಯ ನಾಗರಿಕರಿಗೆ ಅರ್ಧ ಪ್ರಶ್ನೆ

ಇದನ್ನು ಬರೆಯುತ್ತೇನೆ ಎಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ! ಯುಗಾದಿ ಕಳೆಯಲಿ ಎಂದೆ, ಕಳೆಯಿತು. ಹೊಸ ಕನ್ನಡಕ ಬರಲಿ ಎಂದೆ, ಬಂತು. ಪೆನ್ನು ಸರಿಯಿಲ್ಲ ಎಂದೆ, ಮೊಮ್ಮಗಳು ಮೂರು ಪೆನ್ನು ತಂದಿಟ್ಟಳು. ಇನ್ನು ನೆಪ ಹೇಳಲು ಮನೆಯಲ್ಲಿ ಸಾಮಾನೇ ಉಳಿದಿಲ್ಲವಾದ್ದರಿಂದ ಹೇಳಿಯೇಬಿಡುತ್ತೇನೆ. ನನ್ನ ಷಡ್ಡಕನಷ್ಟು ಪ್ರವಾಸ ಮಾಡಿದ ಮನುಷ್ಯ ನಮ್ಮ ಬಂಧುಬಳಗದಲ್ಲೇ ಇಲ್ಲ. ಮತ್ತು ಅವನು ಕೆಂಗೇರಿ ದಾಟಿ ಆಚೆ ಹೋದವನೂ ಅಲ್ಲ!

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಹೆಸರು ಹೇಳುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಕೆಲಸ ಅವನನ್ನು ಬಿಟ್ಟಿತೇ ಹೊರತು ಅವನು ಕೆಲಸವನ್ನು ಬಿಡಲಿಲ್ಲ. ಮದುವೆ ಮನೆಯ ಊಟದ ಸಾಲಿನಲ್ಲಿ ನಿಂತರೆ, "ಮುಂದೆ ಹೋಗಿ, ಮುಂದೆ ಹೋಗಿ, ಒಳಗಡೆ ಜಾಗ ಇದೆ" ಎನ್ನುತ್ತಿದ್ದ. ದೇವಸ್ಥಾನದಲ್ಲಿ ಮಂಗಳಾರತಿ ಮುಗಿಯಿತೆಂದರೆ ಅವನ ಬಾಯಿಂದ ತಾನಾಗಿ "ರೈಟ್!" ಹೊರಡುತ್ತಿತ್ತು. ಹರ್ನಿಯಾ ಆಪರೇಷನ್ನಿಗೆ ಅವನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ತಳ್ಳಿಕೊಂಡು ಹೋಗುವಾಗ, ಎದುರು ಬಂದವರಿಗೆಲ್ಲ "ಸೈಡ್, ಸೈಡ್" ಎಂದು ತನ್ನ ದಾರಿಯನ್ನು ತಾನೇ ಬಿಡಿಸಿಕೊಂಡ ಮಹಾನುಭಾವ. ಇಂಥವನಿಗೆ ಅರಿವಳಿಕೆ ಕೊಟ್ಟ ಡಾಕ್ಟರರಿಗೆ ನನ್ನ ನಮಸ್ಕಾರ!

ಅವನಿಗೆ ಮಕ್ಕಳಿರಲಿಲ್ಲ. ಶ್ರೀಗಂಧದ ಕಾವಲ್‌ನಲ್ಲಿ ಗಂಡಹೆಂಡತಿ ಇಬ್ಬರೇ. ನಮ್ಮ ಬಸವೇಶ್ವರನಗರದ ಮನೆಯಲ್ಲಿ ಮಗಳ ಇಬ್ಬರು ಮಕ್ಕಳು, ಸಿಂಚನ ಮತ್ತು ಚಿಂಟು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಬೇಸಿಗೆ ರಜೆ ಬಂತೆಂದರೆ ಮಕ್ಕಳು ನನ್ನ ಕೊರಳಿಗೆ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಕಾರ್ಖಾನೆಯ ಉಗ್ರಾಣದಲ್ಲಿ ಜೀವನ ಸವೆಸಿದವನು. ಸಾಮಾನನ್ನು ಜೋಡಿಸಿಡುವುದು ಗೊತ್ತೇ ವಿನಾ ಮಕ್ಕಳನ್ನು ಆಡಿಸುವುದು ಗೊತ್ತಿಲ್ಲ. ಆದ್ದರಿಂದ ಇಬ್ಬರನ್ನೂ ಟಿವಿ ಮುಂದೆ ಜೋಡಿಸಿಟ್ಟು ಪೇಪರ್ ಓದುತ್ತಿದ್ದೆ.

ಆ ವರ್ಷ ರಜೆಯ ಎರಡನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಪೀಪಿ ಊದಿದ ಶಬ್ದ. ನೋಡಿದರೆ ಷಡ್ಡಕ! ಹೆಗಲಿಗೆ ಕಂಡಕ್ಟರ್ ಚೀಲ, ಕೈಯಲ್ಲಿ ಹಳೇ ಕಾಲದ ಟಿಕೆಟ್ಟಿಗೆ ತೂತು ಹಾಕುವ ಕಬ್ಬಿಣದ ಪಂಚು.

"ಯಾರ್ರೀ ಟಿಕೆಟ್ ಟಿಕೆಟ್! ಬೇಗ ಹತ್ತಿ, ಬಿಡೋ ಟೈಮಾಯ್ತು!"

ಟಿಕೆಟ್ಟು ಅಂದರೆ ಹಳೇ ಮದುವೆ ಕರೆಯೋಲೆಗಳನ್ನು ಬೆರಳುದ್ದ ಕತ್ತರಿಸಿದ ಚೂರುಗಳು. ಮುಂದುಗಡೆ ಯಾರದೋ ಚಿರಂಜೀವಿಯ ಅರ್ಧ ಹೆಸರು, ಹಿಂದುಗಡೆ ಇವನ ಕೈಬರಹದಲ್ಲಿ ಹೋಗುವ ಊರು. ದರದ ಜಾಗದಲ್ಲಿ, "ಒಂದು ಪ್ರಶ್ನೆ".

"ಇದೇನಯ್ಯ ಒಂದು ಪ್ರಶ್ನೆ?" ಎಂದೆ.

"ಚಾರ್ಜು ಕಣಯ್ಯ. ಹೋದ ಜಾಗದಲ್ಲಿ ಕೆಲಸ ಮಾಡೋರು ಯಾರನ್ನಾದ್ರೂ ಒಂದು ಪ್ರಶ್ನೆ ಕೇಳ್ಬೇಕು. ಕೇಳ್ಲಿಲ್ವಾ, ಟಿಕೆಟ್‌ಲೆಸ್ ಟ್ರಾವೆಲ್. ಮಧ್ಯದಲ್ಲೇ ಇಳಿಸಿಬಿಡ್ತೀನಿ!"

ಮೊದಲ ಪ್ರವಾಸ ಮೆಟ್ರೋದಲ್ಲಿ, ವಿಜಯನಗರದಿಂದ ಕೆಂಗೇರಿಗೆ. ಮೆಟ್ರೋ ನೋಡದ ಮಕ್ಕಳೇ ಇವು? ಆದರೆ ಇವನು ಅದಕ್ಕೆ "ಟೆರೇಸ್ ದರ್ಶನ" ಎಂದು ಹೆಸರಿಟ್ಟಿದ್ದ. ಮೇಲಿನ ಹಳಿಯಿಂದ ಯಾರ ಮನೆ ತಾರಸಿಯ ಮೇಲೆ ಸಂಡಿಗೆ ಒಣಗಿದೆ, ಯಾರ ಮನೆ ನಾಯಿ ನೀರಿನ ಟ್ಯಾಂಕ್ ಹತ್ತಿದೆ ಎಂದು ಕಂಡುಹಿಡಿಯಬೇಕು. ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ಮಾಡುವ ಹೆಂಗಸಿಗೆ ಸಿಂಚನ ಪ್ರಶ್ನೆ ಹಾಕಿದಳಂತೆ.

"ಆಂಟಿ, ನೀವು ದಿನಾ ಎಲ್ಲರ ಬ್ಯಾಗ್ ನೋಡ್ತೀರ. ನಿಮ್ಮ ಬ್ಯಾಗ್ ಯಾರು ನೋಡ್ತಾರೆ?"

ಆಕೆ ಸುತ್ತಮುತ್ತ ನೋಡಿ, ತನ್ನ ಬ್ಯಾಗ್ ತೆರೆದು, "ನೀನೇ ನೋಡು ಬಾ ಮೇಡಂ" ಎಂದಳಂತೆ. ಒಳಗೆ ಚಿತ್ರಾನ್ನದ ಡಬ್ಬಿ, ಬಾಚಣಿಗೆ, ಮಗನ ಲೆಕ್ಕದ ಪುಸ್ತಕ! ಮಗನಿಗೆ ಮಗ್ಗಿ ಬರುವುದಿಲ್ಲವಂತೆ, ರೈಲು ಇಲ್ಲದ ಹೊತ್ತಿನಲ್ಲಿ ಆಕೆ ತಾನೇ ಕಲಿತು ಮನೆಗೆ ಹೋಗಿ ಹೇಳಿಕೊಡುತ್ತಾಳಂತೆ. ಆವತ್ತು ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯಲ್ಲಿ ಆ ಹೆಂಗಸಿನದೇ ಮಾತು. ಟಿವಿ ಹಾಕಿಯೇ ಇರಲಿಲ್ಲ.

ಎರಡನೆಯದು "ನದಿ ದರ್ಶನ". ಬೆಂಗಳೂರಿನಲ್ಲಿ ಯಾವ ನದಿ ಎನ್ನುತ್ತೀರಾ? ಊರಿನ ಕೊಳಚೆಯೆಲ್ಲ ಹೊತ್ತು ಹರಿಯುವ ವೃಷಭಾವತಿ! ಇಬ್ಬರಿಗೂ ಮೂಗಿಗೆ ಕರ್ಚೀಫು ಕಟ್ಟಿಸಿ, ಕೆಂಗೇರಿ ಹತ್ತಿರದ ಸೇತುವೆ ಮೇಲೆ ನಿಲ್ಲಿಸಿ, "ಮೂಗು ಮುಚ್ಚಿ, ಕಣ್ಣು ಬಿಡಿ!" ಎಂದನಂತೆ. ಪಕ್ಕದಲ್ಲಿ ಎಳನೀರು ಮಾರುವವನಿಗೆ ಚಿಂಟುವಿನ ಪ್ರಶ್ನೆ. "ಅಂಕಲ್, ಸ್ನಾನ ಮಾಡ್ಬೇಕಂದ್ರೆ ನಾವು ನದಿಗೆ ಹೋಗ್ತೀವಿ. ನದಿ ಸ್ನಾನ ಮಾಡೋಕೆ ಎಲ್ಲಿಗೆ ಹೋಗುತ್ತೆ?" ಎಳನೀರಿನವನು ಮಚ್ಚು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದನಂತೆ. ಕೊನೆಗೆ, "ಇದನ್ನ ಎಲೆಕ್ಷನ್ ಟೈಮಲ್ಲಿ ಬಂದು ಕೇಳು ಮಗಾ" ಎಂದನಂತೆ.

ಹೀಗೇ ಬಿನ್ನಿಪೇಟೆಯಲ್ಲಿ ಈಗಿಲ್ಲದ ಹಳೇ ಬಟ್ಟೆ ಮಿಲ್ಲು ಎಲ್ಲಿತ್ತು ಎಂದು ಹುಡುಕುವ ಪ್ರವಾಸ, ಉಲ್ಲಾಳದ ಕೆರೆ ಹಕ್ಕಿ ಪ್ರವಾಸ, ಗಡಿಯಾರ ರಿಪೇರಿ ಪ್ರವಾಸ. ಮಕ್ಕಳು ಸಂಜೆ ಕೆಂಪು ಧೂಳು ಹೊತ್ತು ಬಂದು ಬಾಯಿತುಂಬ ಹರಟುತ್ತಿದ್ದವು. ಅವನಿಗೆ "ಟೂರ್ ತಾತ" ಎಂದು ಹೆಸರಿಟ್ಟರು. ಹಾಗಾದರೆ ನಾನು? ಒಂದು ದಿನ ಪಕ್ಕದ ಮನೆಯ ಮಗುವಿಗೆ ಚಿಂಟು ನನ್ನನ್ನು ಪರಿಚಯ ಮಾಡಿಸಿದ. "ಇವ್ರು ಟಿವಿ ತಾತ."

ಸ್ವಾಮಿ, ಅರವತ್ತೆಂಟು ವರ್ಷ ಬದುಕಿ, ಸ್ವಂತ ಮೊಮ್ಮಗನ ಬಾಯಲ್ಲಿ ಒಂದು ಉಪಕರಣದ ಹೆಸರು ಪಡೆದುಕೊಂಡೆನಲ್ಲ! ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಆ ದಿನ. ಮುಚ್ಚಿಡುವುದೇಕೆ?

"ನೀನೂ ಬಾರಯ್ಯ ಒಂದಿನ" ಎಂದು ಷಡ್ಡಕ ಕರೆದ. ಏನು ಮಹಾ ಮಾಡುತ್ತಾನೋ ನೋಡೋಣ ಎಂದು ಹೋದೆ. ಅವತ್ತಿನದು "ಅಡುಗೆ ಲೋಕ". ವಿಜಯನಗರದ ಒಂದು ಕಲ್ಯಾಣ ಮಂಟಪ, ಅದೂ ಹಿಂಬಾಗಿಲು! ಯಾರದೋ ಮದುವೆ. ನಮಗೆ ಕರೆಯೋಲೆ ಇಲ್ಲ. ಹಾಗಲ್ಲ, ಇತ್ತು, ಆದರೆ ಹಳೆಯದು, ಬೇರೆಯವರದು, ಬೆರಳುದ್ದ ಕತ್ತರಿಸಿದ್ದು.

ಒಳಗೆ ಈಜಾಡುವಷ್ಟು ದೊಡ್ಡ ಹಂಡೆಗಳಲ್ಲಿ ಸಾರು ಕುದಿಯುತ್ತಿತ್ತು. ಸಿಂಚನ ಅಡುಗೆ ಭಟ್ಟರ ಮುಂದೆ ನಿಂತು, "ತಾತ, ಇಷ್ಟು ದೊಡ್ಡ ಸಾರಿಗೆ ಉಪ್ಪು ಸಾಕಾ ಅಂತ ಹೆಂಗೆ ಗೊತ್ತಾಗುತ್ತೆ?" ಎಂದಳು. ಭಟ್ಟರು ಜೀವಮಾನದಲ್ಲಿ ಅಂಥ ಪ್ರಶ್ನೆ ಕೇಳಿಸಿಕೊಂಡವರಲ್ಲವೇನೋ, ಮುಖ ಅರಳಿತು. "ನಾಲಿಗೆಗೆ ಹಾಕ್ಕೊಂಡ್ರೆ ಕೆಟ್ಟೆ ಕಣಮ್ಮ, ಬೆಳಿಗ್ಗೆಯಿಂದ ಎಲ್ಲಾ ತಿಂದಿರೋ ನಾಲಿಗೆ ಸುಳ್ಳು ಹೇಳುತ್ತೆ. ಮೂಗಲ್ಲಿ ನೋಡ್ಬೇಕು" ಎಂದು, ಸೌಟಿನ ಹಬೆ ಮೂಸಿಸಿ, ನಾಲ್ವರಿಗೂ ಬಿಸಿ ಲಾಡು ಕೈಗಿಟ್ಟರು.

"ಈಗ ನಿನ್ನ ಚಾರ್ಜು" ಎಂದು ಷಡ್ಡಕ ನನ್ನ ಕಡೆ ತಿರುಗಿದ. ನಾನು ಬಾಯಿ ತೆರೆದು, "ಭಟ್ರೇ, ಈ ಸಾರಿಗೆ..." ಎನ್ನುವಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಯಾರು ಪ್ರತ್ಯಕ್ಷ? ನನ್ನ ಕಾರ್ಖಾನೆಯ ಹಳೇ ಮೇಲಧಿಕಾರಿ! ಹೆಣ್ಣಿನ ಸೋದರಮಾವ! "ಏನ್ರೀ, ನೀವಿಲ್ಲಿ? ಗಂಡಿನ ಕಡೆಯವರಾ?" ಎಂದರು. ನನ್ನ ಬಾಯಲ್ಲಿ ಲಾಡು, ಮುಖದಲ್ಲಿ ರಕ್ತವಿಲ್ಲ. ಹಂಡೆಯ ಹಿಂದೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ನಟಿಸಿದೆ. ಷಡ್ಡಕನಿಗೇನು ನಾಚಿಕೆ? "ಸಾರ್, ನಾವು ಟೂರಿಸ್ಟ್‌ಗಳು!" ಎಂದು ಗಟ್ಟಿಯಾಗಿ ಹೇಳಿದ.

ಹೊರಗೆ ಬಂದ ಮೇಲೆ ಚಿಂಟು ತಕರಾರು ತೆಗೆದ. "ಈ ತಾತ ಪ್ರಶ್ನೆ ಪೂರ್ತಿ ಕೇಳ್ಲೇ ಇಲ್ಲ! ಇಳಿಸಿಬಿಡು!"

ಷಡ್ಡಕ ನನ್ನ ಟಿಕೆಟ್ಟಿಗೆ ಟಕ್ ಎಂದು ತೂತು ಹಾಕಿ, "ಇಲ್ಲ ಕಣೋ, ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆ. ಅರ್ಧ ಪ್ರಶ್ನೆ ಸಾಕು" ಎಂದ. ಮಕ್ಕಳು ಬಿದ್ದು ಬಿದ್ದು ನಕ್ಕವು. ನಾನು ನಗಲಿಲ್ಲ.

ಸೇಡು ತೀರಿಸಿಕೊಳ್ಳಲು ಮಾರನೆಯ ದಿನವೇ ಮಕ್ಕಳನ್ನು ಮಾಲ್‌ಗೆ ಕರೆದುಕೊಂಡು ಹೋದೆ. ತಂಪು ಗಾಳಿ, ಬಣ್ಣದ ಚೆಂಡುಗಳ ಕೊಳ, ಐಸ್‌ಕ್ರೀಮು! ಚಿಂಟು ಕೊಳಕ್ಕೆ ಇಳಿಯುವ ಮೊದಲು ಸಿಂಚನ ಅಲ್ಲಿ ನಿಂತಿದ್ದವನಿಗೆ, "ಅಣ್ಣ, ಇಷ್ಟೊಂದು ಚೆಂಡು ಯಾರು ತೊಳೀತಾರೆ?" ಎಂದಳು. ಅವನು, "ತೊಳೀಬೇಕಾ?" ಎಂದ. ಚಿಂಟು ಇಳಿಯಲಿಲ್ಲ. ಸಂಜೆ ಮನೆಗೆ ಬಂದು ಇಬ್ಬರೂ ಷಡ್ಡಕನಿಗೆ ಫೋನು ಮಾಡಿ, "ಟೂರ್ ತಾತ, ನಾಳೆ ಬಸ್ಸಿದ್ಯಾ?" ಎಂದು ಕೇಳಿದವು.

ಇಲ್ಲಿಯವರೆಗೂ ನಗುನಗುತ್ತಾ ಬರೆದೆ. ಇನ್ನು ಮುಂದಿನದಕ್ಕೇ ನಾನು ಪೆನ್ನು ಸರಿಯಿಲ್ಲ ಎನ್ನುತ್ತಿದ್ದದ್ದು.

ಮುಂದಿನ ಬೇಸಿಗೆಯ ಹೊಸ್ತಿಲಲ್ಲಿ ಚಿಂಟುವಿನ ಹುಟ್ಟುಹಬ್ಬ. ಅಳಿಯ ಸಣ್ಣದೊಂದು ಹಾಲ್ ಹಿಡಿದಿದ್ದ. ಕೇಕು, ಮೈಕು, ಬಂಧುಗಳು. ಎಲ್ಲರ ಉಡುಗೊರೆಗಳನ್ನು ಮೈಕಿನಲ್ಲಿ ಕೂಗಿ ಹೇಳುವ ಕೆಲಸ ನನ್ನದು. ಷಡ್ಡಕನ ಉಡುಗೊರೆ ಒಂದು ಬೂಟಿನ ಡಬ್ಬಿಯಲ್ಲಿತ್ತು. ತೆರೆದರೆ ಟಿಕೆಟ್ಟುಗಳು! ಇಡೀ ಬೇಸಿಗೆ ರಜೆಗಾಗುವಷ್ಟು, ದಿನಕ್ಕೊಂದರಂತೆ, ಹತ್ತತ್ತಕ್ಕೆ ದಾರ ಕಟ್ಟಿ ಜೋಡಿಸಿದ್ದ. ಪ್ರತಿಯೊಂದರ ಮೇಲೂ ಬಣ್ಣದ ಪೆನ್ಸಿಲ್ಲಿನಲ್ಲಿ ಒಂದು ಚಿತ್ರ. ಉಲ್ಲಾಳದ ಹಕ್ಕಿ, ಮೆಟ್ರೋ, ಹಂಡೆ. ಚಿಂಟು ಸೈಕಲ್ಲನ್ನು ಅಲ್ಲೇ ಬಿಟ್ಟು ಡಬ್ಬಿಯ ಕಡೆ ಓಡಿಬಂದ. ಸೈಕಲ್ ಕೊಟ್ಟವನು ನಾನು.

ನನ್ನ ಕೈಯಲ್ಲಿ ಮೈಕು ಇತ್ತು. ಇರಬಾರದಾಗಿತ್ತು.

"ಬಂಧುಗಳೇ, ಇದು ನಮ್ಮ ಷಡ್ಡಕರ ಬಿಟ್ಟಿ ಟ್ರಾವೆಲ್ಸ್ ವತಿಯಿಂದ ಒಂದು ಡಬ್ಬಿ ರದ್ದಿ ಕಾಗದ!" ಎಂದೆ. ಎಲ್ಲರೂ ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಕ್ಕದ್ದು ರುಚಿಯಾಯಿತು ನೋಡಿ, ಇನ್ನೊಂದು ತುತ್ತಿಗೆ ಕೈ ಹಾಕಿದೆ. "ಪಾಪ, ಸ್ವಂತ ಮಕ್ಕಳಿದ್ದಿದ್ರೆ ಮಕ್ಕಳಿಗೆ ಏನು ಕೊಡ್ಬೇಕು ಅಂತ ಗೊತ್ತಾಗ್ತಿತ್ತು."

ಈ ಸಲ ಯಾರೂ ನಗಲಿಲ್ಲ. ನನ್ನ ನಾದಿನಿ ತಲೆ ತಗ್ಗಿಸಿ ಸೆರಗಿನ ಅಂಚು ನೋಡಿಕೊಂಡಳು. ನಕ್ಕವನು ಷಡ್ಡಕ ಒಬ್ಬನೇ. ನಕ್ಕು, ಎದ್ದು, ಊಟದ ಬಾಗಿಲಲ್ಲಿ ಗುಂಪುಗೂಡಿದ್ದವರಿಗೆ, "ಮುಂದೆ ಹೋಗಿ, ಮುಂದೆ ಹೋಗಿ, ಒಳಗಡೆ ಜಾಗ ಇದೆ" ಎನ್ನುತ್ತಾ ಎಲ್ಲರನ್ನೂ ಊಟಕ್ಕೆ ಕಳಿಸಿದ. ಆಮೇಲೆ ತಾನು ಹೆಂಡತಿಯೊಂದಿಗೆ ಹಿಂಬಾಗಿಲಿನಿಂದ ಇಳಿದುಹೋದ. ಊಟ ಮಾಡಲಿಲ್ಲ.

ಆ ರಜೆಯ ಎರಡನೇ ದಿನ ಮಕ್ಕಳು ಟೋಪಿ ಹಾಕಿಕೊಂಡು, ನೀರಿನ ಬಾಟಲಿ ತುಂಬಿಕೊಂಡು ಬಾಗಿಲಲ್ಲಿ ಕೂತವು. ಹನ್ನೊಂದಾಯಿತು, ಹನ್ನೆರಡಾಯಿತು. ಪೀಪಿ ಕೇಳಲಿಲ್ಲ. ಫೋನು ಮಾಡಿದರೆ, "ಮಂಡಿ ನೋವು ಕಣ್ರೋ, ಗಾಡಿ ಡಿಪೋದಲ್ಲಿದೆ" ಎಂದ. ಮಂಡಿ ನೋವು ರಜೆ ಪೂರ್ತಿ ಇಳಿಯಲಿಲ್ಲ.

ತಪ್ಪೊಪ್ಪಿಕೊಳ್ಳಲು ನಾನು ಹೋಗದೆ ಇರಲಿಲ್ಲ. ಎರಡು ಸಲ ಶ್ರೀಗಂಧದ ಕಾವಲ್‌ಗೆ ಹೋದೆ. ಮೊದಲ ಸಲ ಮಾವಿನಹಣ್ಣಿನ ವಿಷಯ ಮಾತಾಡಿ ಬಂದೆ. ಎರಡನೇ ಸಲ ಅವನು ಬಾಗಿಲವರೆಗೂ ಬಂದು ನನ್ನನ್ನು ಕಳಿಸಿಕೊಡುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ, ನೆಲವನ್ನೇ ನೋಡುತ್ತಾ, "ಅವತ್ತು ಹಾಲ್‌ನಲ್ಲಿ ನಿಂಗೆ..." ಎಂದೆ. ಅಷ್ಟೇ. ಮುಂದಿನದನ್ನು ಹೇಳದೆ ಇನ್ನೊಂದು ಚಪ್ಪಲಿಗೆ ಕಾಲು ತೂರಿಸಿದೆ.

ಅವನು ನನ್ನ ಭುಜ ತಟ್ಟಿ, "ಸಾಕು ಬಿಡಯ್ಯ, ನಿಂಗೆ ರಿಯಾಯಿತಿ ಇದೆ" ಎಂದ.

ಅವನು ಏನನ್ನು ಮನ್ನಾ ಮಾಡಿದ ಎಂದು ನನಗೆ ಆ ಕ್ಷಣವೇ ತಿಳಿಯಿತು. ತಿಳಿದೂ ಉಳಿದರ್ಧ ಹೇಳಲಿಲ್ಲ. ಬದುಕಿದೆಯಾ ಬಡಜೀವವೇ ಎಂದು ಬಸ್ಸು ಹತ್ತಿ ಮನೆಗೆ ಬಂದು, ಚೆನ್ನಾಗಿ ಊಟ ಮಾಡಿ ಮಲಗಿದೆ. ಈಗ ಹೇಳಿ, ಬಿಟ್ಟಿ ಪ್ರಯಾಣ ಮಾಡಿದವರು ಯಾರು?

ಕಾರ್ತಿಕದಲ್ಲಿ ಅವನು ಹೋಗಿಬಿಟ್ಟ. ಹೃದಯಾಘಾತ. ಇನ್ನೊಂದು ಸಲ ಹೋದರಾಯಿತು ಎಂದು ನಾನು ಮುಂದಕ್ಕೆ ಹಾಕುತ್ತಲೇ ಇದ್ದೆ.

ಈ ಬೇಸಿಗೆ ರಜೆಯ ಎರಡನೇ ದಿನ ನಾನು ಪೇಪರ್ ಓದುತ್ತಿದ್ದಾಗ ಮನೆಯೊಳಗೇ ಪೀಪಿ ಊದಿದ ಶಬ್ದ. ಸಿಂಚನ! ಹೆಗಲಿಗೆ ಅವನ ಚೀಲ, ಕೈಯಲ್ಲಿ ಅವನ ಪಂಚು. ನಾದಿನಿ ತಾನಾಗಿ ಕರೆದು ಕೊಟ್ಟಳಂತೆ. ಬೂಟಿನ ಡಬ್ಬಿ ಚಿಂಟುವಿನ ಕಂಕುಳಲ್ಲಿ. ಒಂದೂ ಟಿಕೆಟ್ಟು ಹರಿಯದೆ ಹಾಗೇ ಇತ್ತು.

"ಟಿವಿ ತಾತ, ಏಳು ಏಳು, ಬಸ್ ಹೊರಡ್ತಾ ಇದೆ. ನಿಂಗೆ ಗೊತ್ತಲ್ಲ, ಅರ್ಧ ಪ್ರಶ್ನೆ ಸಾಕು."

"ಬೇಡ ಕಣಮ್ಮ" ಎಂದೆ. "ಈ ಸಲ ನಂಗೆ ಫುಲ್ ಟಿಕೆಟ್ ಕೊಡು."

ಕೊಟ್ಟಳು. ಟಕ್ ಎಂದು ತೂತು ಹಾಕಿದಳು. ಅದು ನನ್ನ ಅಂಗಿಯ ಜೇಬಿನಲ್ಲಿದೆ, ಉಲ್ಲಾಳದ ಹಕ್ಕಿಯ ಚಿತ್ರವಿರುವುದು. ಹೋಗಿಬಂದೂ ಆಯಿತು. ಚಾರ್ಜು ಮಾತ್ರ ಬಾಕಿ. ಅದನ್ನು ಕೇಳಿಬಿಡುತ್ತೇನೆ, ಪೂರ್ತಿಯಾಗಿ, ನೆಲ ನೋಡದೆ.

ಅವತ್ತು ಹಾಲ್‌ನಲ್ಲಿ ನಿಂಗೆ ತುಂಬಾ ನೋವಾಯ್ತೇನೋ, ಕೆಂಪರಾಜು?